ಹೊಸ ಮನೆ ಸೋರಿದರೆ ಹೊಣೆ ಯಾರದ್ದು? ‘ಐದು ವರ್ಷ ಗ್ಯಾರಂಟಿ’, ‘ಇನ್ಶೂರೆನ್ಸ್ ಉಂಟಲ್ಲ’ ಎಂಬ ಎರಡು ಅರ್ಧಸತ್ಯಗಳು

ಕುಂದಾಪುರ: ಏಪ್ರಿಲ್‌ನಲ್ಲಿ ಮನೆ ಒಕ್ಕಲು, ಜೂನ್ ಕೊನೆಗೆ ಸ್ಲ್ಯಾಬಿನ ಮೂಲೆಯಲ್ಲಿ ಹಸಿ. ಕುಂದಾಪುರ, ಬೈಂದೂರು, ಬ್ರಹ್ಮಾವರ ಭಾಗದಲ್ಲಿ ಇದೇನೂ ಹೊಸ ಸುದ್ದಿಯಲ್ಲ. ಕಂಟ್ರಾಕ್ಟರಿಗೆ ಫೋನ್ ಮಾಡಿದರೆ “ಅದೆಲ್ಲ ಮಾಮೂಲಿ ಮಾರಾಯ್ರೆ, ಒಂದ್ ಮಳಿಗಾಲ ಕಳಿಲಿ, ಸಮ ಆತ್ತ್” ಎಂಬ ಉತ್ತರ. ಎರಡನೇ ಮಳೆಗಾಲಕ್ಕೆ ಬಿರುಕು ಲಿಂಟಲ್ ತನಕ ಇಳಿದಿರುತ್ತದೆ, ಆ ಕಡೆಯಿಂದ ಫೋನ್ ಎತ್ತುವವರು ಇರುವುದಿಲ್ಲ.

ಆಗ ಮನೆಯವರಿಗೆ ಊರಿನವರು ಹೇಳುವ ಸಮಾಧಾನ ಎರಡು. ಒಂದು, “ಐದು ವರ್ಷ ಬಿಲ್ಡರ್‌ದೇ ಜವಾಬ್ದಾರಿ ಅಂತ ಕಾನೂನು ಉಂಟಂತೆ.” ಇನ್ನೊಂದು, “ಬ್ಯಾಂಕಿನವರು ಮನೆಗೆ ಇನ್ಶೂರೆನ್ಸ್ ಮಾಡಿಸಿದ್ದಾರಲ್ಲ, ಕ್ಲೇಮ್ ಮಾಡಿ.” ಎರಡೂ ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಮೊದಲನೆಯದು ಫ್ಲ್ಯಾಟ್ ಕೊಂಡವರಿಗೆ ಅನ್ವಯಿಸುವ ಮಾತು. ಸ್ವಂತ ಜಾಗದಲ್ಲಿ ಮೇಸ್ತ್ರಿಗೋ ಕಂಟ್ರಾಕ್ಟರಿಗೋ ಕೊಟ್ಟು ಕಟ್ಟಿಸಿದವರಿಗೆ ಅದು ಸಿಗುವುದಿಲ್ಲ, ನಮ್ಮ ಮೂರೂ ತಾಲೂಕಿನ ಹಳ್ಳಿಗಳಲ್ಲಿ ಕಾಣುವುದು ಇಂಥ ಮನೆಗಳೇ. ಎರಡನೆಯದರಲ್ಲಿ ಇನ್ನೂ ದೊಡ್ಡ ತೊಡಕಿದೆ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಮನೆ ಪಾಲಿಸಿ ಕಳಪೆ ಕೆಲಸಕ್ಕೆ ದುಡ್ಡು ಕೊಡುವುದೇ ಇಲ್ಲ.

ಐದು ವರ್ಷದ ಮಾತು ಯಾರಿಗೆ?

2016ರಲ್ಲಿ ಕೇಂದ್ರ ಸರ್ಕಾರ ತಂದ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯನ್ನೇ ಎಲ್ಲರೂ ರೇರಾ ಅನ್ನುವುದು. ಕರ್ನಾಟಕದಲ್ಲಿ ಇದರ ನಿಯಮಗಳು 2017ರಲ್ಲಿ ಬಂದವು. ಐದು ವರ್ಷದ ಮಾತು ಇರುವುದು ಇದರ 14(3)ನೇ ಸೆಕ್ಷನ್‌ನಲ್ಲಿ. ಕೀ ಕೈಗೆ ಕೊಟ್ಟ ದಿನದಿಂದ ಐದು ವರ್ಷದೊಳಗೆ ಕಟ್ಟಡದ ಸ್ಟ್ರಕ್ಚರ್‌ನಲ್ಲಿ, ಕೆಲಸದಲ್ಲಿ, ಗುಣಮಟ್ಟದಲ್ಲಿ ಅಥವಾ ಒಪ್ಪಂದದಲ್ಲಿ ಹೇಳಿದ ಸೌಲಭ್ಯದಲ್ಲಿ ದೋಷ ಕಂಡುಬಂದು ತಿಳಿಸಿದರೆ, ಬಿಲ್ಡರ್ 30 ದಿನದೊಳಗೆ ಒಂದು ರೂಪಾಯಿಯೂ ಹೆಚ್ಚಿಗೆ ಕೇಳದೆ ಸರಿಮಾಡಿಕೊಡಬೇಕು. ಮಾಡದಿದ್ದರೆ ಪರಿಹಾರ ಕೊಡಬೇಕು. ಬರೀ ಪಿಲ್ಲರ್, ಬೀಮ್ ಅಂತಲ್ಲ, ಬಾತ್‌ರೂಮ್ ಸೋರುವುದು, ಟೈಲ್ಸ್ ಏಳುವುದು, ಡ್ರೈನೇಜ್ ಕಟ್ಟಿಕೊಳ್ಳುವುದು ಎಲ್ಲವೂ ಇದರಲ್ಲಿ ಬರಬಹುದು. ರೇರಾದಲ್ಲಿ ‘ಅಪಾರ್ಟ್‌ಮೆಂಟ್’ ಅನ್ನುವ ಪದಕ್ಕೆ ಅಂಗಡಿ, ಆಫೀಸ್, ಶೋರೂಮ್, ಗೋಡೌನ್ ಕೂಡ ಸೇರುತ್ತವೆ. ಹಾಗಾಗಿ ಹೆದ್ದಾರಿ ಬದಿಯ ಹೊಸ ಕಾಂಪ್ಲೆಕ್ಸಿನಲ್ಲಿ ಅಂಗಡಿ ಕೋಣೆ ಖರೀದಿಸಿದವರಿಗೂ ಈ ಹಕ್ಕಿದೆ.

ಆದರೆ ಎಲ್ಲ ಕಟ್ಟಡಕ್ಕೂ ರೇರಾ ನೋಂದಣಿ ಇರುವುದಿಲ್ಲ. ಜಾಗ 500 ಚದರ ಮೀಟರ್ ಮೀರದಿದ್ದರೆ, ಅಥವಾ ಮನೆಗಳ ಸಂಖ್ಯೆ ಎಂಟು ದಾಟದಿದ್ದರೆ ನೋಂದಣಿ ಕಡ್ಡಾಯವಲ್ಲ. 500 ಚದರ ಮೀಟರ್ ಅಂದರೆ ನಮ್ಮ ಲೆಕ್ಕದಲ್ಲಿ ಹನ್ನೆರಡು ಸೆಂಟ್ಸಿಗಿಂತ ಸ್ವಲ್ಪ ಜಾಸ್ತಿ. ಹತ್ತು ಸೆಂಟ್ಸಿನಲ್ಲಿ ಎದ್ದ ಆರು ಮನೆಯ ಕಟ್ಟಡ ಈ ವಿನಾಯಿತಿಯೊಳಗೇ ಬರುತ್ತದೆ. ಅಂಥಲ್ಲಿ ಫ್ಲ್ಯಾಟ್ ತೆಗೆದುಕೊಳ್ಳುವವರು ಐದು ವರ್ಷದ ಗ್ಯಾರಂಟಿಯನ್ನು ಸೇಲ್ ಎಗ್ರಿಮೆಂಟಿನಲ್ಲೇ ಬರೆಸಿಕೊಳ್ಳುವುದು ಕ್ಷೇಮ. ದೊಡ್ಡ ಪ್ರಾಜೆಕ್ಟ್ ಆದರೆ ಅಡ್ವಾನ್ಸ್ ಕೊಡುವ ಮೊದಲು ಕರ್ನಾಟಕ ರೇರಾದ ವೆಬ್‌ಸೈಟಿನಲ್ಲಿ ಪ್ರಾಜೆಕ್ಟಿನ ಹೆಸರು ಹುಡುಕಬೇಕು. ನೋಂದಣಿ ಸಂಖ್ಯೆ ಬ್ರೋಷರ್‌ನಲ್ಲಿ ಅಚ್ಚಾಗಿದೆ ಎಂದ ಮಾತ್ರಕ್ಕೆ ನಂಬುವುದು ಬೇಡ.

ದೂರು ಆನ್‌ಲೈನ್‌ನಲ್ಲೇ ಕೊಡಬಹುದು. ಪ್ರಾಧಿಕಾರದ ಕಚೇರಿ ಇರುವುದು ಬೆಂಗಳೂರಿನಲ್ಲಿ. ದುಡ್ಡು ಕೊಡಬೇಕು ಎಂದು ಆದೇಶವಾಗಿಯೂ ಬಿಲ್ಡರ್ ಕೊಡದಿದ್ದರೆ ಅದನ್ನು ಕಂದಾಯ ಬಾಕಿಯ ಹಾಗೆ ವಸೂಲಿ ಮಾಡಬೇಕು, ಅಂದರೆ ಕಡತ ಜಿಲ್ಲಾಧಿಕಾರಿ, ತಹಶೀಲ್ದಾರ್ ಕಚೇರಿಗೆ ಬರುತ್ತದೆ. ಆದೇಶ ಸಿಗುವುದಕ್ಕಿಂತ ವಸೂಲಿಗೆ ತಡ ಆಗುವುದೂ ಉಂಟು. ಒಂದೊಂದು ಪ್ರಾಜೆಕ್ಟಿಗೆ ಒಂದೊಂದು ಪಾಲುದಾರಿಕೆ ಸಂಸ್ಥೆ ಮಾಡಿ, ಕೆಲಸ ಮುಗಿದ ಮೇಲೆ ಅದರಲ್ಲಿ ಏನೂ ಉಳಿಯದಂತೆ ನೋಡಿಕೊಂಡವರ ಹತ್ತಿರ ವಸೂಲಿ ಮಾಡುವುದು ಎಂತ?

ಇದಕ್ಕೇ ರೇರಾ ಕಾಯ್ದೆಯ 16ನೇ ಸೆಕ್ಷನ್‌ನಲ್ಲಿ ಇನ್ಶೂರೆನ್ಸ್ ವಿಚಾರ ಇಟ್ಟದ್ದು. ಜಾಗದ ಹಕ್ಕುಪತ್ರಕ್ಕೆ ಮತ್ತು ಕಟ್ಟಡ ನಿರ್ಮಾಣಕ್ಕೆ ಬಿಲ್ಡರ್ ವಿಮೆ ಮಾಡಿಸಬೇಕು, ಪ್ರೀಮಿಯಂ ಅವರೇ ಕಟ್ಟಬೇಕು, ಮಾರಾಟದ ಹೊತ್ತಿಗೆ ಅದರ ಲಾಭ ಖರೀದಿದಾರರಿಗೆ ವರ್ಗವಾಗಬೇಕು ಎಂಬುದು ಅದರ ಸಾರ. ಕಾಯ್ದೆಯಲ್ಲಿರುವ ಒಳ್ಳೆಯ ಸೆಕ್ಷನ್‌ಗಳಲ್ಲಿ ಇದೊಂದು. ಆದರೆ ಸರ್ಕಾರ ಅಧಿಸೂಚನೆ ಹೊರಡಿಸಿದ ಪ್ರಕಾರ ಮಾತ್ರ ವಿಮೆ ಕಡ್ಡಾಯ ಎಂದು ಅದರಲ್ಲೇ ಇದೆ. ಆದ್ದರಿಂದ ‘ಕಾಯ್ದೆಯಲ್ಲಿ ಉಂಟು, ಇರಲೇಬೇಕು’ ಎಂದು ಸುಮ್ಮನೆ ಕೂರದೆ, ಬಿಲ್ಡರ್ ಹತ್ತಿರ ಪಾಲಿಸಿ ಪ್ರತಿ ತೋರಿಸಿ ಎಂದು ಕೇಳಬೇಕು. ಪಾಲಿಸಿ ಇಲ್ಲದಿದ್ದರೆ ಇಲ್ಲ ಎಂಬುದಾದರೂ ದುಡ್ಡು ಕೊಡುವ ಮೊದಲೇ ಗೊತ್ತಾಗುತ್ತದೆ.

ಸ್ವಂತ ಜಾಗ, ಕಂಟ್ರಾಕ್ಟರ್ ಕಟ್ಟಿದ ಮನೆ

ಐದು ಸೆಂಟ್ಸೋ ಹತ್ತು ಸೆಂಟ್ಸೋ ಸ್ವಂತ ಜಾಗ. ಮಗ ದುಬೈಯಲ್ಲೋ ಬೆಂಗಳೂರಿನ ಹೋಟೆಲಿನಲ್ಲೋ ಇದ್ದು ದುಡ್ಡು ಕಳಿಸುತ್ತಾನೆ, ಊರಲ್ಲಿ ಅಪ್ಪ ನಿಂತು ಕಟ್ಟಿಸುತ್ತಾರೆ. ಚದರಡಿಗೆ ಇಷ್ಟು ಎಂದು ಬಾಯಿಮಾತಿನಲ್ಲಿ ರೇಟ್, ಹೆಚ್ಚೆಂದರೆ ಒಂದು ಪುಟದ ಎಸ್ಟಿಮೇಟ್. ಇಲ್ಲಿ ಮಾರಾಟ ಇಲ್ಲ, ಹಾಗಾಗಿ ರೇರಾ ಇಲ್ಲ. ಇರುವುದು ಎರಡು ದಾರಿ: ಗ್ರಾಹಕ ಆಯೋಗ ಮತ್ತು ಸಿವಿಲ್ ಕೋರ್ಟ್.

ಮನೆ ಕಟ್ಟಿಕೊಡುವುದು ಗ್ರಾಹಕ ಕಾಯ್ದೆಯ ಪ್ರಕಾರ ‘ಸೇವೆ’. ಲಕ್ನೋ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಮೂರು ದಶಕದ ಹಿಂದೆಯೇ ಹೇಳಿದೆ, 2019ರ ಹೊಸ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲೂ ಮನೆ ನಿರ್ಮಾಣ ಎಂಬ ಪದವೇ ಇದೆ. ಜಾಗ ಕೊಟ್ಟು ಬಿಲ್ಡರ್ ಜೊತೆ ಪಾಲಿನ ಮೇಲೆ ಕಟ್ಟಿಸಿಕೊಂಡ ಜಾಗದ ಮಾಲೀಕರು ಕೂಡ ಗ್ರಾಹಕರೇ ಎಂದು 2008ರಲ್ಲಿ ಫಕೀರ್ ಚಂದ್ ಗುಲಾಟಿ ಪ್ರಕರಣದಲ್ಲಿ ತೀರ್ಪಾಗಿದೆ. ಹಳೆಯ ಹೆಂಚಿನ ಮನೆ ಕೆಡವಿ, ಬಿಲ್ಡರಿಗೆ ಕೊಟ್ಟು ಎರಡು ಫ್ಲ್ಯಾಟ್ ಪಡೆಯುವ ಕುಟುಂಬಗಳಿಗೆ ಇದು ಗೊತ್ತಿರಬೇಕಾದ ವಿಷಯ.

ಗಡುವು ಮಾತ್ರ ಚಿಕ್ಕದು. ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಆಯೋಗಕ್ಕೆ ಹೋಗಬೇಕು. ಕಂಟ್ರಾಕ್ಟರ್ “ಈ ಸಲ ಮಾಡಿ ಕೊಡ್ತೆ, ಬಪ್ಪು ವರ್ಷ ಮಾಡಿ ಕೊಡ್ತೆ” ಎಂದು ಎರಡು ಮಳೆಗಾಲ ದಾಟಿಸಿದರೆ ಗಡುವೂ ದಾಟಿದ ಹಾಗೆ. ತಡವಾದದ್ದಕ್ಕೆ ಸರಿಯಾದ ಕಾರಣ ಕೊಟ್ಟರೆ ಆಯೋಗ ಮನ್ನಿಸಬಹುದು, ಆದರೆ ಅದನ್ನು ನೆಚ್ಚಿಕೊಂಡು ಕೂರುವಂತಿಲ್ಲ. ಸಿವಿಲ್ ಕೋರ್ಟಿನಲ್ಲಿ ಒಪ್ಪಂದ ಮುರಿದದ್ದಕ್ಕೆ ದಾವೆ ಹೂಡಲು ಮೂರು ವರ್ಷ ಇದೆ, ಅಲ್ಲಿ ಖರ್ಚೂ ಓಡಾಟವೂ ಹೆಚ್ಚು.

ಇನ್ನೂ ಒಂದು ಸಂಗತಿ ಇದೆ. ಕಂಟ್ರಾಕ್ಟರ್ ಇಲ್ಲದೆ, ಮನೆಯವರೇ ದಿನಗೂಲಿಗೆ ಮೇಸ್ತ್ರಿ, ಆಳು ಇಟ್ಟು, ತಾವೇ ಹೇಳಿ ಕೆಲಸ ಮಾಡಿಸಿದರೆ ಅದು ‘ವೈಯಕ್ತಿಕ ಸೇವೆಯ ಒಪ್ಪಂದ’ ಎಂದಾಗಿ ಗ್ರಾಹಕ ಕಾಯ್ದೆಯಿಂದ ಹೊರಗೆ ಹೋಗುವ ಸಾಧ್ಯತೆ ಇದೆ. ಲೇಬರ್ ಕಂಟ್ರಾಕ್ಟ್ ಕೊಟ್ಟು ಸಿಮೆಂಟ್, ಕಬ್ಬಿಣ, ಹೊಯ್ಗೆ ತಾವೇ ತಂದವರಿಗೆ ಬೇರೊಂದು ತೊಂದರೆ. “ಹೊಯ್ಗಿ ನೀವ್ ತಂದದ್ದ್ ಅಲ್ದಾ” ಎಂದು ಕಂಟ್ರಾಕ್ಟರ್ ಕೈ ತೊಳೆದುಕೊಳ್ಳುತ್ತಾನೆ. ಆತನ ಮಾತಿನಲ್ಲೂ ಅರ್ಥ ಇರಬಹುದು. ಸಾಮಾನು ತಂದ ಅಂಗಡಿಯ ಬಿಲ್ಲು, ಲಾರಿಯ ಚೀಟಿ ಇಟ್ಟುಕೊಂಡವರಿಗೆ ಮಾತ್ರ ಇದಕ್ಕೆ ಉತ್ತರ ಕೊಡಲು ಆಗುತ್ತದೆ.

ಪುರಸಭೆ, ಪಟ್ಟಣ ಪಂಚಾಯತ್, ಗ್ರಾಮ ಪಂಚಾಯತ್ ಲೈಸೆನ್ಸ್ ಕೊಟ್ಟಿದೆ, ಹಾಗಾಗಿ ಕಟ್ಟಡ ಗಟ್ಟಿ ಎಂದು ತಿಳಿಯುವುದೂ ತಪ್ಪು. ಲೈಸೆನ್ಸ್ ಬರೀ ಕಟ್ಟಲು ಅನುಮತಿ. ಪ್ಲಾನಿಗೆ ಸಹಿ ಹಾಕಿದ ಇಂಜಿನಿಯರ್ ಸೈಟಿಗೆ ಬಂದು ಸ್ಲ್ಯಾಬ್ ಹಾಕುವ ದಿನ ನಿಲ್ಲುತ್ತಾರೆ ಎಂದೂ ಅರ್ಥವಲ್ಲ, ಅದಕ್ಕೆ ಬೇರೆ ಫೀಸು, ಬೇರೆ ಒಪ್ಪಂದ ಬೇಕು. ಬ್ಯಾಂಕಿನ ಇಂಜಿನಿಯರ್ ಬಂದು ನೋಡುವುದು ಬ್ಯಾಂಕಿನ ಸಾಲಕ್ಕೆ ಸಾಕಷ್ಟು ಕೆಲಸ ಆಗಿದೆಯೇ ಎಂದು, ಕಬ್ಬಿಣ ಎಷ್ಟು ಎಂ.ಎಂ. ಎಂದು ಅಳೆಯಲು ಅಲ್ಲ.

ಇನ್ಶೂರೆನ್ಸ್ ಯಾವುದಕ್ಕೆ ಕೊಡುತ್ತದೆ, ಯಾವುದಕ್ಕೆ ಕೊಡುವುದಿಲ್ಲ

ಮೊದಲು ಮನೆಯಲ್ಲಿರುವ ಪಾಲಿಸಿ ಯಾವುದು ಎಂದು ತೆರೆದು ನೋಡಬೇಕು. ಸಾಲ ಕೊಡುವಾಗ ಬ್ಯಾಂಕಿನವರು ಮಾಡಿಸಿದ್ದು ಸಾಲಗಾರನ ಜೀವವಿಮೆ ಆಗಿರಬಹುದು. ಸಾಲ ಮಾಡಿದವರು ತೀರಿಕೊಂಡರೆ ಸಾಲ ತೀರಿಸುವ ಪಾಲಿಸಿ ಅದು, ಗೋಡೆಗೂ ಅದಕ್ಕೂ ಸಂಬಂಧ ಇಲ್ಲ.

ಕಟ್ಟಡಕ್ಕೇ ಇರುವುದು ‘ಭಾರತ್ ಗೃಹ ರಕ್ಷಾ’ ಎಂಬ ಪಾಲಿಸಿ. 2021ರ ಏಪ್ರಿಲ್ 1ರಿಂದ ವಿಮಾ ನಿಯಂತ್ರಣ ಪ್ರಾಧಿಕಾರ ಇದನ್ನು ಎಲ್ಲ ಸಾಮಾನ್ಯ ವಿಮಾ ಕಂಪನಿಗಳಿಗೂ ಒಂದೇ ರೂಪದಲ್ಲಿ ಕಡ್ಡಾಯ ಮಾಡಿದೆ. ಬೆಂಕಿ, ಸಿಡಿಲು, ಭೂಕಂಪ, ಚಂಡಮಾರುತ, ನೆರೆ, ಭೂಕುಸಿತ, ನೀರಿನ ಟ್ಯಾಂಕ್ ಅಥವಾ ಪೈಪ್ ಒಡೆದು ಆಗುವ ಹಾನಿ ಎಲ್ಲ ಇದರಲ್ಲಿ ಸೇರುತ್ತದೆ. 2020ರ ಸೆಪ್ಟೆಂಬರ್‌ನ ನೆರೆ, 2021ರ ಮೇ ತಿಂಗಳ ತೌಕ್ತೆ ಚಂಡಮಾರುತ ನೋಡಿದ ಕರಾವಳಿಯವರಿಗೆ ಇದು ಬೇಕಾದ ಪಾಲಿಸಿಯೇ. ಮನೆ ಕಟ್ಟಡಕ್ಕೆ ಮಾಡಿಸಿದರೆ ಒಳಗಿನ ಸಾಮಾನಿಗೂ ಕಟ್ಟಡದ ಮೊತ್ತದ ಶೇ. 20ರಷ್ಟು, ಗರಿಷ್ಠ 10 ಲಕ್ಷ ರೂಪಾಯಿವರೆಗೆ ತಾನಾಗಿ ರಕ್ಷಣೆ ಸಿಗುತ್ತದೆ. ಮೊತ್ತ ಲೆಕ್ಕ ಹಾಕುವಾಗ ಜಾಗದ ಬೆಲೆ ಸೇರಿಸುವುದು ಬೇಡ, ಅದೇ ಮನೆಯನ್ನು ಮತ್ತೆ ಕಟ್ಟಲು ತಗಲುವ ಖರ್ಚು ಮಾತ್ರ ಲೆಕ್ಕ.

ಭೂಮಿ ಕುಸಿತದ ಕಲಮಿನ ಕೆಳಗೆ ಏನು ಸೇರುವುದಿಲ್ಲ ಎಂಬ ಪಟ್ಟಿ ಇದೆ. ಅದನ್ನು ನಮ್ಮ ಊರಿನವರು ಎರಡು ಸಲ ಓದಬೇಕು. ಹೊಸ ಕಟ್ಟಡ ಕೂರುವಾಗ ಬರುವ ಸಾಮಾನ್ಯ ಬಿರುಕು ಸೇರುವುದಿಲ್ಲ. ಮಣ್ಣು ತುಂಬಿಸಿ ಎತ್ತರಿಸಿದ ಜಾಗ ಕೂರುವುದು ಸೇರುವುದಿಲ್ಲ. ಸಮುದ್ರ ಅಥವಾ ಹೊಳೆಯ ಕೊರೆತ ಸೇರುವುದಿಲ್ಲ. ತಪ್ಪು ಡಿಸೈನ್, ಕಳಪೆ ಕೆಲಸ, ಕಳಪೆ ಸಾಮಾನು ಇವೂ ಸೇರುವುದಿಲ್ಲ.

ಗದ್ದೆಗೆ ನಲವತ್ತು ಲೋಡು ಕೆಂಪು ಮಣ್ಣು ಹಾಕಿಸಿ, ಒಂದು ಮಳೆಗಾಲವೂ ಕೂರಲು ಬಿಡದೆ ಪಾಯ ತೆಗೆದ ಮನೆ ಇಲ್ಲಿ ನೇರವಾಗಿ ಸಿಕ್ಕಿಬೀಳುತ್ತದೆ. ಮರವಂತೆ, ತ್ರಾಸಿ, ಗಂಗೊಳ್ಳಿ ಕಡೆಯ ಕಡಲ ಬದಿಯ ಮನೆಗಳಿಗೂ ಕೊರೆತದ ಷರತ್ತು ಗೊತ್ತಿರಬೇಕು. ಒತ್ತಿನೆಣೆಯಲ್ಲಿ ಗುಡ್ಡ ಹೆದ್ದಾರಿಗೆ ಜಾರಿದ್ದನ್ನು ಎಲ್ಲರೂ ಕಂಡಿದ್ದಾರೆ. ಅಂಥ ಗುಡ್ಡ ಮನೆ ಮೇಲೆ ಬಿದ್ದರೆ ಪಾಲಿಸಿ ಕೆಲಸಕ್ಕೆ ಬರುತ್ತದೆ. ಆದರೆ ಪಕ್ಕದ ಸೈಟಿನವರು ಜೆಸಿಬಿ ತಂದು ಗುಡ್ಡ ಕಡಿದ ಕಾರಣಕ್ಕೆ ಜಾರಿದ್ದಾದರೆ, ಅಗೆತದಿಂದ ಆದದ್ದು ಎಂದು ಕಂಪನಿ ತಕರಾರು ತೆಗೆಯಬಹುದು. ಆಗ ಹೊಣೆ ಆ ಪಕ್ಕದವರ ಮೇಲೆ. ಸ್ಲ್ಯಾಬಿನಿಂದ ನಿಧಾನಕ್ಕೆ ಇಳಿಯುವ ನೀರಂತೂ ಪಾಲಿಸಿಯ ಯಾವ ಅಪಾಯದ ಪಟ್ಟಿಯಲ್ಲೂ ಇಲ್ಲ.

ಕಟ್ಟುವ ಹೊತ್ತಿಗೆ ಇರುವ ಪಾಲಿಸಿ ಬೇರೆ. ಅದಕ್ಕೆ ಕಂಟ್ರಾಕ್ಟರ್ಸ್ ಆಲ್ ರಿಸ್ಕ್ ಎಂದು ಹೆಸರು, ವಿಮೆಯವರು ‘ಕಾರ್ ಪಾಲಿಸಿ’ ಅನ್ನುವುದು ಇದಕ್ಕೇ. ಓಡಿಸುವ ಕಾರಿಗೂ ಇದಕ್ಕೂ ಸಂಬಂಧವಿಲ್ಲ. ಕೆಲಸ ನಡೆಯುವಾಗ ಕಟ್ಟಡಕ್ಕೆ ಆಗುವ ಹಾನಿ ಒಂದು ಭಾಗ. ಪಕ್ಕದ ಮನೆಗೆ, ದಾರಿಹೋಕರಿಗೆ ಆಗುವ ಹಾನಿ ಇನ್ನೊಂದು ಭಾಗ. ಇದರಲ್ಲೂ ಕಳಪೆ ಕೆಲಸದ ಷರತ್ತು ಇದೆ, ಆದರೆ ಸ್ವಲ್ಪ ಸಡಿಲ. ಉದಾಹರಣೆಗೆ, ಕಳಪೆ ಕಾಂಕ್ರೀಟಿನ ಒಂದು ಬೀಮ್ ಮುರಿದು ಕೆಳಗಿನ ಸರಿಯಾದ ಗೋಡೆ, ಮೆಟ್ಟಿಲು ನಾಶವಾಯಿತು ಎನ್ನಿ. ಆ ಬೀಮನ್ನು ಮತ್ತೆ ಹಾಕುವ ಖರ್ಚು ಕಂಪನಿ ಕೊಡುವುದಿಲ್ಲ, ಗೋಡೆ ಮತ್ತು ಮೆಟ್ಟಿಲಿನದ್ದು ಕೊಡುತ್ತದೆ. ಡಿಸೈನೇ ತಪ್ಪಿದ್ದರೆ ಸಾಮಾನ್ಯ ಪಾಲಿಸಿಯಲ್ಲಿ ಅದೂ ಇಲ್ಲ. ಡಿಸೈನ್ ತಪ್ಪಿಗೆ ಇಂಜಿನಿಯರ್ ಅಥವಾ ಆರ್ಕಿಟೆಕ್ಟ್ ತಾವೇ ಮಾಡಿಸಿಕೊಳ್ಳುವ ಪ್ರೊಫೆಷನಲ್ ಇಂಡೆಮ್ನಿಟಿ ಪಾಲಿಸಿ ಬೇಕು. ದೊಡ್ಡ ಕಾಂಪ್ಲೆಕ್ಸ್ ಕಟ್ಟಿಸುವವರು ಇಂಜಿನಿಯರ್ ಹತ್ತಿರ ಅದು ಇದೆಯೇ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಇಂಥ ಕೇಳುವಿಕೆ ಅತಿಯಾಯಿತು ಅನಿಸಿದರೆ ಧಾರವಾಡವನ್ನು ನೆನಪಿಸಿಕೊಳ್ಳಬಹುದು. 2019ರ ಮಾರ್ಚ್ 19ರಂದು ಕುಮಾರೇಶ್ವರ ನಗರದಲ್ಲಿ ನಿರ್ಮಾಣ ಹಂತದ ಬಹುಮಹಡಿ ಕಟ್ಟಡ ಕುಸಿದು 19 ಮಂದಿ ಸತ್ತರು. ಮೇಲೆ ಕೆಲಸ ಮುಗಿಯುವ ಮೊದಲೇ ಕೆಳಗೆ ಅಂಗಡಿಗಳು ತೆರೆದಿದ್ದವು. ಇಂಥ ಸಾವಿಗೆ ಈಗಿನ ಭಾರತೀಯ ನ್ಯಾಯ ಸಂಹಿತೆಯ 106ನೇ ಸೆಕ್ಷನ್ ಪ್ರಕಾರ ಐದು ವರ್ಷದವರೆಗೆ ಜೈಲು ಆಗಬಹುದು. ಯಾರೂ ಸಾಯದಿದ್ದರೂ, ಕಟ್ಟಡ ಕಟ್ಟುವಾಗ, ಕೆಡಹುವಾಗ ಜನರ ಜೀವಕ್ಕೆ ಅಪಾಯವಾಗುವಂತೆ ನಿರ್ಲಕ್ಷ್ಯ ಮಾಡಿದರೆ 290ನೇ ಸೆಕ್ಷನ್ ಇದೆ, ಆರು ತಿಂಗಳವರೆಗೆ ಜೈಲು ಅಥವಾ ಐದು ಸಾವಿರ ರೂಪಾಯಿವರೆಗೆ ದಂಡ. ಮನೆ ಕಟ್ಟುವ ಖರ್ಚಿನ ಮುಂದೆ ಈ ದಂಡ ಎಷ್ಟು ಸಣ್ಣದು ಎಂದು ಹೇಳಬೇಕಾಗಿಲ್ಲ.

ಬೇರೆ ಕಡೆ ಹತ್ತು ವರ್ಷ

ಗಲ್ಫಿನಲ್ಲಿ ಕಟ್ಟಡ ಕೆಲಸ ಮಾಡಿ ಬಂದ ಬೈಂದೂರು, ಶಿರೂರಿನವರಲ್ಲಿ ಕೆಲವರು ಈ ಲೆಕ್ಕವನ್ನು ಅಲ್ಲೇ ಕೇಳಿರುತ್ತಾರೆ. ಯುಎಇಯ 1985ರ ನಾಗರಿಕ ಸಂಹಿತೆ ಕಟ್ಟಡ ಪೂರ್ತಿ ಅಥವಾ ಭಾಗಶಃ ಕುಸಿದರೆ, ಅದರ ಭದ್ರತೆಗೆ ಕುತ್ತು ತರುವ ದೋಷ ಕಂಡರೆ ಹತ್ತು ವರ್ಷದವರೆಗೆ ಕಂಟ್ರಾಕ್ಟರ್ ಮತ್ತು ಆರ್ಕಿಟೆಕ್ಟ್ ಇಬ್ಬರನ್ನೂ ಒಟ್ಟಿಗೆ ಹೊಣೆ ಮಾಡಿತು. ಈ ಹತ್ತು ವರ್ಷದ ಲೆಕ್ಕ ಮೂಲತಃ ಫ್ರಾನ್ಸಿನದು. ಅಲ್ಲಿ 1978ರ ಕಾನೂನು ಹೊಣೆಯ ಜೊತೆ ವಿಮೆಯನ್ನೂ ಕಡ್ಡಾಯ ಮಾಡಿತು. ಕಟ್ಟಡದ ಮಾಲೀಕ ಮೊದಲು ವಿಮಾ ಕಂಪನಿಯಿಂದ ರಿಪೇರಿ ದುಡ್ಡು ಪಡೆಯುತ್ತಾನೆ. ತಪ್ಪು ಇಂಜಿನಿಯರದೋ ಕಂಟ್ರಾಕ್ಟರದೋ ಎಂಬ ಜಗಳವನ್ನು ಆಮೇಲೆ ಕಂಪನಿಗಳು ತಮ್ಮೊಳಗೆ ಮುಗಿಸಿಕೊಳ್ಳುತ್ತವೆ.

ನಮ್ಮಲ್ಲೂ ಇದರ ಸಣ್ಣ ರೂಪ ಇಲ್ಲದಿಲ್ಲ, ಆದರೆ ಸರ್ಕಾರಿ ಕೆಲಸದಲ್ಲಿ. ಗ್ರಾಮ ಸಡಕ್ ಯೋಜನೆಯ ರಸ್ತೆ ಬದಿಯ ಬೋರ್ಡಿನಲ್ಲಿ ಐದು ವರ್ಷದ ನಿರ್ವಹಣೆ ಎಂದು ಬರೆದಿರುತ್ತದೆ. ಆ ರಸ್ತೆ ಹಾಕಿದ ಕಂಟ್ರಾಕ್ಟರ್ ಐದು ವರ್ಷ ನೋಡಿಕೊಳ್ಳಬೇಕು, ಅದಕ್ಕೆ ಭದ್ರತಾ ಠೇವಣಿಯೂ ಇಲಾಖೆಯ ಕೈಯಲ್ಲಿ ಇರುತ್ತದೆ. ಅದೇ ಕಂಟ್ರಾಕ್ಟರ್ ಮನೆ ಕಟ್ಟುವಾಗ ನಾವು ಟೈಲ್ಸ್ ಮುಗಿದ ದಿನವೇ ಕೊನೆಯ ಕಂತನ್ನೂ ಎಣಿಸಿ ಕೊಟ್ಟು, ಒಕ್ಕಲಿನ ಊಟಕ್ಕೂ ಕರೆದು, ಶಾಲು ಹೊದಿಸಿ ಕಳಿಸುತ್ತೇವೆ.

ಉಳಿಸಿಕೊಂಡ ದುಡ್ಡೇ ವಿಮೆ

ಮನೆ ಕಟ್ಟಿಸುವವರು ತಾವೇ ಮಾಡಿಕೊಳ್ಳಬಹುದಾದ ವಿಮೆ ಅದೊಂದೇ: ಒಟ್ಟು ಮೊತ್ತದಲ್ಲಿ ಶೇ. 5 ಹಿಡಿದಿಟ್ಟುಕೊಳ್ಳುವುದು. ಲೆಕ್ಕಕ್ಕೆ 1,500 ಚದರಡಿ ಮನೆ, ಚದರಡಿಗೆ 2,000 ರೂಪಾಯಿ ಎಂದುಕೊಂಡರೆ 30 ಲಕ್ಷ. ಶೇ. 5 ಅಂದರೆ ಒಂದೂವರೆ ಲಕ್ಷ. ಅರ್ಧವನ್ನು ಮೊದಲ ಮಳೆಗಾಲ ಮುಗಿದ ಮೇಲೆ, ಉಳಿದರ್ಧವನ್ನು ಎರಡನೆಯದು ಮುಗಿದ ಮೇಲೆ ಕೊಡುವುದು. ಒಂದೂವರೆ ಲಕ್ಷದ ಆಸೆಗೆ ಕಂಟ್ರಾಕ್ಟರ್ ಫೋನಂತೂ ಎತ್ತುತ್ತಾನೆ. ಇದು ಕೆಲಸ ಶುರುವಾಗುವ ಮೊದಲೇ ಎಗ್ರಿಮೆಂಟಿನಲ್ಲಿ ಇರಬೇಕು. ಕೊನೆಗೆ ನಿಂತು “ಒಂದೂವರೆ ಲಕ್ಷ ಇರ್ಲಿ” ಎಂದರೆ ಅದು ಜಗಳ. ಒಳ್ಳೆಯ ಕಂಟ್ರಾಕ್ಟರಿಗೂ ಇದರಿಂದ ನಷ್ಟವಿಲ್ಲ, ಆತ ತನ್ನ ಆಳುಗಳ ಸಂಬಳ, ಸಾಮಾನಿನ ಸಾಲ ಲೆಕ್ಕ ಹಾಕಿ ರೇಟ್ ಹೇಳುವಾಗಲೇ ಈ ಷರತ್ತು ಗೊತ್ತಿದ್ದರೆ ಸಾಕು.

ಎಗ್ರಿಮೆಂಟಿನಲ್ಲಿ ‘ಒಳ್ಳೆಯ ಗುಣಮಟ್ಟದ ಕಾಂಕ್ರೀಟ್’ ಎಂದು ಬರೆದರೆ ಏನೂ ಬರೆಯದ ಹಾಗೆಯೇ. ಕಾಂಕ್ರೀಟಿಗೆ ಭಾರತೀಯ ಮಾನಕ ಐಎಸ್ 456 ಎಂಬುದಿದೆ. ಅದು ಕರಾವಳಿಯ ವಾತಾವರಣಕ್ಕೆ ಒಡ್ಡಿದ ಕಾಂಕ್ರೀಟನ್ನು ‘ತೀವ್ರ’ ವರ್ಗಕ್ಕೆ ಸೇರಿಸುತ್ತದೆ. ಅಲ್ಲಿ ಕಬ್ಬಿಣ ಹಾಕಿದ ಕಾಂಕ್ರೀಟಿಗೆ ಕನಿಷ್ಠ ಎಂ30 ದರ್ಜೆ, ಕಬ್ಬಿಣದ ಹೊರಗೆ 45 ಮಿ.ಮೀ. ಕಾಂಕ್ರೀಟ್ ಹೊದಿಕೆ ಬೇಕು. ಕಡಲ ನೀರಿನ ಹನಿ ನೇರ ಬೀಳುವಲ್ಲಿ ಇನ್ನೂ ಹೆಚ್ಚು. ಘಟ್ಟದ ಮೇಲಿನ ಮನೆಯ ಎಸ್ಟಿಮೇಟನ್ನು ನಕಲು ಮಾಡಿ ‘ಎಂ20’ ಎಂದು ಬರೆದ ಕಾಗದ ಕೋಡಿಯ ಬದಿಯ ಮನೆಗೆ ಹೊಂದುವುದಿಲ್ಲ.

ಹೊಯ್ಗೆಯ ವಿಚಾರ ಇನ್ನೂ ಮುಖ್ಯ. ಗಂಗೊಳ್ಳಿಯ ಅಳಿವೆಯಿಂದ ಒಳಗೆ, ಬೇಸಿಗೆಯಲ್ಲಿ ಹೊಳೆಗಳಲ್ಲಿ ಉಪ್ಪುನೀರು ಮೇಲಕ್ಕೆ ಏರುತ್ತದೆ. ಆ ಹೊಯ್ಗೆಯನ್ನು ತೊಳೆಯದೆ ಕಾಂಕ್ರೀಟಿಗೆ ಹಾಕಿದರೆ ಉಪ್ಪಿನ ಕ್ಲೋರೈಡ್ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ತುಕ್ಕು ಕಬ್ಬಿಣಕ್ಕಿಂತ ಜಾಸ್ತಿ ಜಾಗ ತಿನ್ನುತ್ತದೆ, ಸ್ಲ್ಯಾಬಿನ ಅಡಿಯ ಕಾಂಕ್ರೀಟ್ ಹಪ್ಪಳದ ಹಾಗೆ ಎದ್ದು ಬೀಳುತ್ತದೆ. ಐಎಸ್ 456 ಪ್ರಕಾರ ಕಬ್ಬಿಣ ಇರುವ ಕಾಂಕ್ರೀಟಿನಲ್ಲಿ ಒಂದು ಘನ ಮೀಟರಿಗೆ ಕ್ಲೋರೈಡ್ 0.6 ಕಿಲೋ ಮೀರಬಾರದು. ಇದು ಕಣ್ಣಿಗೆ ಕಾಣುವುದು ಏಳೆಂಟು ವರ್ಷ ಕಳೆದ ಮೇಲೂ ಆಗಬಹುದು, ಅಷ್ಟರಲ್ಲಿ ಗ್ರಾಹಕ ಆಯೋಗದ ಎರಡು ವರ್ಷವೂ ರೇರಾದ ಐದು ವರ್ಷವೂ ಮುಗಿದಿರುತ್ತದೆ. ‘ದೋಷ ಗೊತ್ತಾದ ದಿನದಿಂದ ಲೆಕ್ಕ ಹಾಕಿ’ ಎಂದು ವಾದಿಸಬಹುದು, ಆದರೆ ಮೊದಲೇ ಗೊತ್ತಾಗಲು ಸಾಧ್ಯವಿರಲಿಲ್ಲ ಎಂಬುದನ್ನು ಮನೆಯವರೇ ತೋರಿಸಬೇಕು. ಹೊಯ್ಗೆಯನ್ನು ಸ್ಲ್ಯಾಬ್ ಹಾಕುವ ಮೊದಲು ಪರೀಕ್ಷೆ ಮಾಡಿಸಿದ ಒಂದು ಕಾಗದ, ಹತ್ತು ವರ್ಷ ಕೋರ್ಟ್ ಅಲೆಯುವುದಕ್ಕಿಂತ ಅಗ್ಗ.

ನೀರು ಹಾಕುವುದು, ಅಂದರೆ ಕ್ಯೂರಿಂಗ್, ಮನೆಯವರು ಮಾಡಬೇಕೋ ಕಂಟ್ರಾಕ್ಟರೋ ಎಂಬುದನ್ನೂ ಬರೆಯಬೇಕು. ಈಗ ಅಂಗಡಿಯಲ್ಲಿ ಹೆಚ್ಚಾಗಿ ಸಿಗುವ ಪಿಪಿಸಿ ಸಿಮೆಂಟಿಗೆ ಕನಿಷ್ಠ 10 ದಿನ, ಒಣ ಬಿಸಿಲಿದ್ದರೆ 14 ದಿನ ಹಸಿಯಾಗಿ ಇಡಬೇಕು. ಮಾರ್ಚ್‌ನಲ್ಲಿ ಬಾವಿ ನೀರು ಇಳಿದಾಗ ನಾಲ್ಕೇ ದಿನಕ್ಕೆ ನಿಲ್ಲಿಸಿ, ಆಮೇಲೆ ಸಾರಣೆ ಬಿರಿದದ್ದಕ್ಕೆ ಕಂಟ್ರಾಕ್ಟರನ್ನು ದೂರುವವರೂ ಇದ್ದಾರೆ. ಬಿರುಕುಗಳಲ್ಲಿ ಎಲ್ಲವೂ ದೋಷವಲ್ಲ. ಸಾರಣೆ ಮೇಲಿನ ಕೂದಲೆಳೆಯಂಥ ಬಲೆ ಬಿರುಕು ಅಪಾಯದ್ದಲ್ಲ. ಕೆಂಪು ಕಲ್ಲಿನ ಗೋಡೆ ಮತ್ತು ಕಾಂಕ್ರೀಟ್ ಬೀಮ್ ಸೇರುವಲ್ಲಿ ಬರುವ ಉದ್ದ ಗೆರೆ ಎರಡು ಸಾಮಾನು ಬೇರೆ ಬೇರೆಯಾಗಿ ಹಿಗ್ಗಿ ಕುಗ್ಗುವುದರಿಂದ ಬರುತ್ತದೆ. ಕಿಟಕಿ ಮೂಲೆಯಿಂದ ಓರೆಯಾಗಿ ಇಳಿಯುವ, ವರ್ಷದಿಂದ ವರ್ಷಕ್ಕೆ ಅಗಲವಾಗುವ ಬಿರುಕನ್ನು ಮಾತ್ರ ಸುಮ್ಮನೆ ಬಿಡಬಾರದು. ಅದರ ಮೇಲೆ ಅಡ್ಡಕ್ಕೆ ಗಾಜಿನ ಚೂರೊಂದನ್ನು ಎರಡೂ ಬದಿ ಗಟ್ಟಿಯಾಗಿ ಅಂಟಿಸಿ ತಾರೀಕು ಬರೆದರೆ, ಗಾಜು ಒಡೆದ ದಿನ ಗೋಡೆ ಇನ್ನೂ ಚಲಿಸುತ್ತಿದೆ ಎಂದು ತಿಳಿಯುತ್ತದೆ.

ಅಂಗಡಿಯವರಿಗೆ ಬೇರೆ ಲೆಕ್ಕ

ವ್ಯಾಪಾರಕ್ಕಾಗಿ ಪಡೆದ ಸೇವೆಗೆ ಗ್ರಾಹಕ ಆಯೋಗದಲ್ಲಿ ಜಾಗವಿಲ್ಲ. ಆದರೆ ಸ್ವಂತ ಉದ್ಯೋಗದಿಂದ ಹೊಟ್ಟೆಪಾಡಿಗಾಗಿ ಮಾಡುವ ಅಂಗಡಿಗೆ ಕಾಯ್ದೆಯೇ ವಿನಾಯಿತಿ ಕೊಟ್ಟಿದೆ. ಒಬ್ಬರೇ ಕೂತು ನಡೆಸುವ ಜೀನಸು ಅಂಗಡಿ ಕಟ್ಟಿಸಿಕೊಂಡವರು ಹೋಗಬಹುದು, ಬಾಡಿಗೆಗೆ ಬಿಡಲು ಹತ್ತು ಕೋಣೆಯ ಕಾಂಪ್ಲೆಕ್ಸ್ ಕಟ್ಟಿಸಿದವರಿಗೆ ಕಷ್ಟ.

ಬಾಡಿಗೆದಾರರ ಸಮಸ್ಯೆ ಇನ್ನೊಂದು. ಸೋರುವ ಸ್ಲ್ಯಾಬಿನಡಿ ಬಟ್ಟೆ, ಅಕ್ಕಿ ಮೂಟೆ ಹಾಳಾದರೆ ಅವರಿಗೂ ಕಂಟ್ರಾಕ್ಟರಿಗೂ ಒಪ್ಪಂದವೇ ಇಲ್ಲ, ಕೇಳಬೇಕಾದ್ದು ಮಾಲೀಕರನ್ನು. ಬಾಡಿಗೆ ಕರಾರಿನಲ್ಲಿ ರಿಪೇರಿ ಯಾರದ್ದು ಎಂಬ ಒಂದು ಸಾಲು ಇಲ್ಲದಿದ್ದರೆ ವಾದವೇ ಉಳಿಯುತ್ತದೆ. ಸಣ್ಣ ವ್ಯಾಪಾರಿಗಳಿಗೆ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’ ಎಂಬ ಪಾಲಿಸಿ ಇದೆ, ಕಟ್ಟಡ, ಸ್ಟಾಕ್, ಯಂತ್ರ ಎಲ್ಲ ಸೇರಿ 5 ಕೋಟಿವರೆಗಿನ ಆಸ್ತಿಗೆ. ನೆರೆ, ಬೆಂಕಿಗೆ ಒಳ್ಳೆಯದು. ಸ್ಲ್ಯಾಬ್ ಸೋರಿಕೆಗೆ ಅದರಲ್ಲೂ ದುಡ್ಡಿಲ್ಲ.

ದೂರು ಕೊಡುವುದು ಹೇಗೆ?

ಬಿರುಕು ಅಥವಾ ಸೋರಿಕೆ ಕಂಡಾಗ ಮೊದಲು ತಾರೀಕು ಬರುವಂತೆ ಫೋಟೋ, ವಿಡಿಯೋ. ಆಮೇಲೆ ಕಂಟ್ರಾಕ್ಟರಿಗೆ ವಾಟ್ಸಾಪ್‌ನಲ್ಲಿ ಒಂದು ಮಾತು, ಜೊತೆಗೆ ಸ್ಪೀಡ್ ಪೋಸ್ಟಿನಲ್ಲಿ ಒಂದು ಪತ್ರ. ಬಾಯಿಮಾತಿನ ನೂರು ಫೋನಿಗಿಂತ ಅಂಚೆಯ ಒಂದು ರಶೀದಿ ಆಯೋಗದಲ್ಲಿ ಬೆಲೆಬಾಳುತ್ತದೆ. ಬೇರೆಯವರನ್ನು ಕರೆಸಿ ರಿಪೇರಿ ಮಾಡಿಸುವ ಮೊದಲು ಸ್ವತಂತ್ರ ಸಿವಿಲ್ ಇಂಜಿನಿಯರ್ ಒಬ್ಬರಿಂದ ವರದಿ ಬರೆಸಿಕೊಳ್ಳಬೇಕು. ರಿಪೇರಿಯಾದ ಮೇಲೆ ಸಾಕ್ಷಿಯೂ ಮುಚ್ಚಿಹೋಗುತ್ತದೆ. ದೊಡ್ಡ ದೋಷವಾದರೆ ಸುರತ್ಕಲ್‌ನ ಎನ್‌ಐಟಿಕೆಯಂಥ ಸಂಸ್ಥೆಗಳಲ್ಲಿ ಕಾಂಕ್ರೀಟಿನ ಗಟ್ಟಿತನ ಪರೀಕ್ಷಿಸುವ ವ್ಯವಸ್ಥೆ ಇದೆ.

ಕೊಟ್ಟ ದುಡ್ಡು 50 ಲಕ್ಷ ಮೀರದಿದ್ದರೆ ದೂರು ಉಡುಪಿ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ. ಅಲ್ಲಿಂದ ಮೇಲೆ 2 ಕೋಟಿವರೆಗೆ ಬೆಂಗಳೂರಿನ ರಾಜ್ಯ ಆಯೋಗ. ಕಂಟ್ರಾಕ್ಟರ್ ಭಟ್ಕಳದವರೋ ಮಂಗಳೂರಿನವರೋ ಆದರೂ ಪರವಾಗಿಲ್ಲ, 2019ರ ಕಾಯ್ದೆಯ ಪ್ರಕಾರ ದೂರುದಾರರು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಶುಲ್ಕ 5 ಲಕ್ಷದವರೆಗೆ ಇಲ್ಲ, 10 ಲಕ್ಷದವರೆಗೆ 200 ರೂಪಾಯಿ, 20 ಲಕ್ಷದವರೆಗೆ 400, 50 ಲಕ್ಷದವರೆಗೆ 1,000. ವಕೀಲರು ಕಡ್ಡಾಯವಲ್ಲ, ಆನ್‌ಲೈನ್‌ನಲ್ಲೂ ಸಲ್ಲಿಸಬಹುದು. ಆಯೋಗದ ಆದೇಶ ಪಾಲಿಸದವರಿಗೆ ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು, 25 ಸಾವಿರದಿಂದ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ ಇವೆ. ಫ್ಲ್ಯಾಟಿನವರಿಗೆ ರೇರಾ ಮತ್ತು ಆಯೋಗ ಎರಡೂ ದಾರಿ ತೆರೆದಿವೆ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಒಂದನ್ನು ಆರಿಸಿಕೊಂಡರೆ ಸಾಕು.

ದುಡ್ಡನ್ನು ಪೂರ್ತಿ ನಗದಾಗಿ, ರಶೀದಿ ಇಲ್ಲದೆ ಕೊಟ್ಟವರಿಗೆ ತೊಂದರೆ ಇಲ್ಲೇ ಶುರು, ಎಷ್ಟು ಕೊಟ್ಟದ್ದು ಎಂದು ತೋರಿಸಲು ಏನೂ ಇರುವುದಿಲ್ಲ. ಇನ್ನು ಮುಂದೆ ಕೊಡುವ ಕಂತಾದರೂ ಬ್ಯಾಂಕ್ ಮೂಲಕವೋ ಯುಪಿಐಯಲ್ಲೋ ಹೋಗಲಿ, ‘ಎರಡನೇ ಸ್ಲ್ಯಾಬ್ ಬಾಬ್ತು’ ಎಂದು ಒಂದು ಪದ ಬರೆದು.

ವಿಮಾ ಕಂಪನಿ ಕ್ಲೇಮ್ ತಿರಸ್ಕರಿಸಿದ್ದಾದರೆ ಕಾರಣವನ್ನು ಬರಹದಲ್ಲಿ ಕೇಳಿ ಪಡೆಯಬೇಕು. ಅದು ತಪ್ಪೆನಿಸಿದರೆ ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ ಬರೆಯಬಹುದು, ಶುಲ್ಕ ಇಲ್ಲ. ಗ್ರಾಹಕ ದೂರಿನ ಬಗ್ಗೆ ಸಂಶಯ ಇದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಕರೆ ಮಾಡುವಾಗ ಎಗ್ರಿಮೆಂಟ್, ದುಡ್ಡು ಕೊಟ್ಟ ತಾರೀಕುಗಳು, ಮೊದಲ ಸಲ ಸೋರಿದ ದಿನ ಇವಿಷ್ಟು ಎದುರಿಗೆ ಇಟ್ಟುಕೊಂಡಿರಬೇಕು.